ಫೆಲ್ಟ್ ಮೇಲೆ ಒತ್ತಿದ ಚಿತ್ತಾರ ಮರುದಿನವೂ ಉಳಿಯಬೇಕೆ? ಹಂತ ಹಂತವಾಗಿ ಹೀಗೆ ಮಾಡಿ

"ಅಕ್ಕಾ, ರಾತ್ರಿ ಬಿಚ್ಚಿದಾಗ ಚೊಲೋ ಮೂಡಿತ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಏನೂ ಇಲ್ಲ."

ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರ ಏಳೆಂಟು ಜನ ಸೇರಿ ಕೈಕೆಲಸ ಮಾಡುತ್ತೇವೆ. ಹರಿಹರದಿಂದ, ಚಿತ್ರದುರ್ಗದಿಂದಲೂ ಒಂದಿಬ್ಬರು ಬರುತ್ತಾರೆ. ಫೆಲ್ಟ್, ಅಂದರೆ ನೇಯದೆ ಎಳೆಗಳನ್ನೇ ಕೂಡಿಸಿ ಮಾಡಿದ ಬಟ್ಟೆಯ ಮೇಲೆ ಬಿಸಿ ಕೊಟ್ಟು ಅಚ್ಚು ಒತ್ತುವ ಕೆಲಸ ಶುರು ಮಾಡಿದ ಮೇಲೆ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಬಿಸಿ ಸಾಲಲಿಲ್ಲ, ಭಾರ ಸಾಲಲಿಲ್ಲ ಅಂದುಕೊಂಡು ಮುಂದಿನ ಸಲ ಇಸ್ತ್ರಿ ಪೆಟ್ಟಿಗೆಯನ್ನು ಇನ್ನೂ ಜಾಸ್ತಿ ಕಾಯಿಸುತ್ತಾರೆ. ಆಗ ಫೆಲ್ಟ್ ಸುಡುತ್ತದೆ, ಚಿತ್ತಾರ ಮಾತ್ರ ನಿಲ್ಲುವುದಿಲ್ಲ.

ತಪ್ಪು ಇರುವುದು ಬಿಸಿಯಲ್ಲಲ್ಲ, ಅಚ್ಚಿನಿಂದ ಫೆಲ್ಟ್ ಬಿಚ್ಚುವ ಹೊತ್ತಿನಲ್ಲಿ.

ಮೊದಲು ಇದೊಂದು ತಿಳಿದಿರಲಿ

ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಜಡೆ ಹಾಕಿ ಮಲಗಿದ್ದು ನೆನಪಿದೆಯಲ್ವಾ? ಕೂದಲು ಪೂರ್ತಿ ಒಣಗಿದ ಮೇಲೆ ಜಡೆ ಬಿಚ್ಚಿದರೆ ಅಲೆ ಅಲೆಯಾಗಿ ನಿಲ್ಲುತ್ತದೆ. ಅರ್ಧ ಒದ್ದೆ ಇರುವಾಗಲೇ ಬಿಚ್ಚಿದರೆ ಸ್ವಲ್ಪ ಹೊತ್ತಿಗೆ ನೇರವಾಗಿಬಿಡುತ್ತದೆ. ಮತ್ತೆ ನೀರು ಹಾಕಿದರೆ ಅಲೆ ಹೋಗುತ್ತದೆ.

ಉಣ್ಣೆಯೂ ಕೂದಲೇ. ಎರಡೂ ಕೆರಾಟಿನ್ ಎಂಬ ಒಂದೇ ಪ್ರೋಟೀನಿನಿಂದ ಆದವು. ಬಿಸಿ ಮತ್ತು ತೇವ ಸೇರಿದಾಗ ಎಳೆಯೊಳಗಿನ ಸಣ್ಣ ಬಂಧಗಳು ಸಡಿಲವಾಗುತ್ತವೆ. ಆಗ ಎಳೆಯನ್ನು ಹೇಗೆ ಬೇಕಾದರೂ ಬಗ್ಗಿಸಬಹುದು. ಆದರೆ ಬಗ್ಗಿಸಿದ ರೂಪ ಗಟ್ಟಿಯಾಗುವುದು ಎಳೆ ತಣ್ಣಗಾಗಿ, ಒಣಗಿ, ಆ ಬಂಧಗಳು ಮತ್ತೆ ಕೂಡಿಕೊಂಡಾಗ. ಬಿಸಿಯ ಕೆಲಸ ದಾರಿ ತೆರೆಯುವುದಷ್ಟೇ. ಅಚ್ಚು ನಿಜವಾಗಿ ಕೂರುವುದು ಆರುವಾಗ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೆಳಗಿನ ಹಂತಗಳು ಯಾಕೆ ಈ ಕ್ರಮದಲ್ಲಿವೆ ಎಂದು ತಾನಾಗಿಯೇ ಗೊತ್ತಾಗುತ್ತದೆ.

ಬೇಕಾದ ಸಾಮಾನು

ಫೆಲ್ಟ್ 3 ಮಿ.ಮೀ. ದಪ್ಪ ಇದ್ದರೆ ಒಳ್ಳೆಯದು, 5 ಮಿ.ಮೀ. ಇದ್ದರೆ ಇನ್ನೂ ಒಳ್ಳೆಯದು. 1 ಮಿ.ಮೀ. ಹಾಳೆಯಲ್ಲಿ ತಗ್ಗು ಬೀಳಲು ಜಾಗವೇ ಇರುವುದಿಲ್ಲ.

ಇಸ್ತ್ರಿ ಪೆಟ್ಟಿಗೆ, ತೆಳು ಹತ್ತಿ ಬಟ್ಟೆ, ನೀರು ಸಿಂಪಡಿಸುವ ಬಾಟಲಿ, ಬೇಕಿಂಗ್ ಪೇಪರ್, ಒಂದು ಇಡ್ಲಿ ಪಾತ್ರೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಬೇಕು. ತಕ್ಕಡಿ ಯಾಕೆ ಎಂದು ಏಳನೇ ಹಂತದಲ್ಲಿ ಹೇಳುತ್ತೇನೆ, ದಯವಿಟ್ಟು ಅದನ್ನು ಬಿಡಬೇಡಿ.

ಒತ್ತಿ ಹಿಡಿಯಲು ಅಂಗೈ ಅಗಲದ ಎರಡು ಅಲ್ಯೂಮಿನಿಯಂ ಪ್ಲೇಟ್ ಮಾಡಿಸಿಕೊಳ್ಳಿ. ದಪ್ಪ 5 ಮಿ.ಮೀ. ಇರಲಿ. ನಾಲ್ಕು ಮೂಲೆಗೆ ಬೋಲ್ಟ್ ತೂರುವ ತೂತು ಬೇಕು. ಎರಡರಲ್ಲಿ ಒಂದು ಪ್ಲೇಟಿಗೆ ಮಾತ್ರ ನಡುವೆಯೂ ಹದಿನೈದಿಪ್ಪತ್ತು ಸಣ್ಣ ತೂತು ಕೊರೆಸಿ. ತೇವ ಹೊರಗೆ ಹೋಗುವುದು ಆ ತೂತುಗಳಿಂದಲೇ. ಡ್ರಿಲ್ ಇರುವ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಇದನ್ನು ಮಾಡಿಕೊಡುತ್ತಾರೆ. ಬೋಲ್ಟ್, ನಟ್ಟು ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ.

ನೀರಿನ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಕಪ್ಪು, ಕಡುನೀಲಿ ಫೆಲ್ಟ್ ಆ ನೀರಲ್ಲಿ ನೆನೆದು ಒಣಗಿದರೆ ಅಂಚಿನಲ್ಲಿ ಬಿಳಿ ಗೆರೆ ಕೂರುತ್ತದೆ. ಕುಡಿಯಲು ತರುವ ಕ್ಯಾನ್ ನೀರನ್ನೇ ಇದಕ್ಕೂ ಬಳಸಿ.

ಹಂತ 1: ಕೈಯಲ್ಲಿರುವುದು ಯಾವ ಫೆಲ್ಟ್ ಎಂದು ಪತ್ತೆ ಮಾಡಿ

ಅಂಗಡಿಯವರ ಮಾತನ್ನು ನಂಬಿ ಮುಂದೆ ಹೋಗಬೇಡಿ. ಒಮ್ಮೆ ನಾನು ಶುದ್ಧ ಉಣ್ಣೆ ಎಂದು ಹೇಳಿದ್ದನ್ನು ನಂಬಿ ಎರಡು ಮೀಟರ್ ತಂದೆ. ಮನೆಗೆ ಬಂದು ಇಸ್ತ್ರಿ ಇಟ್ಟ ಕೂಡಲೇ ಕರಗಿ ಪೆಟ್ಟಿಗೆಗೆ ಅಂಟಿಕೊಂಡಿತು. ಅದು ಅಕ್ರಿಲಿಕ್ ಎಂಬ ಕೃತಕ ಎಳೆಯದು.

ಬೆರಳುಗುರಿನಷ್ಟು ಚೂರು ಕತ್ತರಿಸಿ. ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ, ಕಿಟಕಿ ತೆರೆದಿಟ್ಟು, ಮೇಣದಬತ್ತಿಯ ಉರಿಗೆ ತಾಗಿಸಿ. ಪಕ್ಕದಲ್ಲಿ ಒಂದು ಬಟ್ಟಲು ನೀರಿರಲಿ, ಮಕ್ಕಳು ದೂರವಿರಲಿ.

ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಉರಿಯಿಂದ ಈಚೆ ತಂದರೆ ತಾನೇ ಆರುತ್ತದೆ. ಉಳಿದ ಕರಿಯನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಸುರುಟಿಕೊಂಡು ಕರಗುತ್ತದೆ, ತಣ್ಣಗಾದ ಮೇಲೆ ಗಟ್ಟಿ ಮಣಿಯಂತೆ ಉಳಿಯುತ್ತದೆ. ಅಕ್ರಿಲಿಕ್ ಕಪ್ಪು ಹೊಗೆ ಬಿಟ್ಟು ಜೋರಾಗಿ ಉರಿಯುತ್ತದೆ. ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ಎಂಬ ಎಳೆ ಕಾಗದದಂತೆ ಉರಿದು, ಕಾಗದದ್ದೇ ವಾಸನೆ ಕೊಡುತ್ತದೆ. ಕೂದಲು, ಕಾಗದ ಎರಡರ ವಾಸನೆಯೂ ಬಂದರೆ ಉಣ್ಣೆ ಮತ್ತು ವಿಸ್ಕೋಸ್ ಬೆರಕೆ. ಅದನ್ನೂ ಉಣ್ಣೆಯಂತೆಯೇ ಮಾಡಬಹುದು. ಆದರೆ ವಿಸ್ಕೋಸ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಎಳೆಯದೆ ಮೆಲ್ಲಗೆ ಹಿಡಿಯಿರಿ.

ಚಳ್ಳಕೆರೆಯ ಕಂಬಳಿ ತುಂಡಿನ ಮೇಲೆ ಮಾಡಬಹುದಾ ಎಂದು ಬಹಳ ಜನ ಕೇಳುತ್ತಾರೆ. ಕಂಬಳಿ ನೇಯ್ದ ಬಟ್ಟೆ, ಫೆಲ್ಟ್ ಅಲ್ಲ. ನಮ್ಮ ನಾಡಕುರಿಯ ಉಣ್ಣೆ ಒರಟು, ಬಿರುಸು. ನೇಯ್ಗೆಯ ಗೆರೆಗಳ ನಡುವೆ ಸಣ್ಣ ಚಿತ್ತಾರ ಕಾಣುವುದೂ ಇಲ್ಲ. ಒಳ್ಳೆಯ ಕಂಬಳಿಯನ್ನು ಇದಕ್ಕಾಗಿ ಕತ್ತರಿಸಬೇಡಿ.

ಕೆಳಗಿನ 2ರಿಂದ 8ರವರೆಗಿನ ಹಂತಗಳು ಉಣ್ಣೆ ಫೆಲ್ಟಿಗೆ. ಪಾಲಿಯೆಸ್ಟರಿನ ದಾರಿಯೇ ಬೇರೆ, ಅದನ್ನು ಕೊನೆಯ ಭಾಗದಲ್ಲಿ ಬರೆದಿದ್ದೇನೆ.

ಹಂತ 2: ಅಚ್ಚು ಆರಿಸಿ, ಇಲ್ಲವೇ ತಂತಿಯಲ್ಲಿ ಮಾಡಿ

ಫೆಲ್ಟ್ ಎಷ್ಟು ದಪ್ಪವೋ, ಎರಡು ಗೆರೆಗಳ ನಡುವೆ ಕಡಿಮೆ ಅಂದರೂ ಅಷ್ಟು ಜಾಗ ಬಿಡಿ. ಅದಕ್ಕಿಂತ ಹತ್ತಿರ ಬಂದರೆ ಎರಡೂ ಸೇರಿ ಒಂದು ಅಗಲ ತಗ್ಗಾಗುತ್ತದೆ. ಗೆರೆಯೂ ತೀರಾ ಸಣ್ಣಗೆ ಬೇಡ, 2 ಮಿ.ಮೀ. ದಪ್ಪ ಇರಲಿ.

ಬಟ್ಟೆಗೆ ಬಣ್ಣ ಒತ್ತುವ ಮರದ ಅಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬಣ್ಣ ಮೆತ್ತಿದ ಹಳೆಯ ಅಚ್ಚು ಬೇಡ, ಆವಿಗೆ ಬಣ್ಣ ಬಿಡುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಸುಮಾರು ಜನ ಪ್ರಯತ್ನ ಮಾಡಿ ಸೋತಿದ್ದಾರೆ. ಆನೆ, ನವಿಲು, ತೇರಿನ ಗುಳಿ ತುಂಬಾ ಆಳ. ಫೆಲ್ಟ್ ಅಷ್ಟು ಕೆಳಗೆ ಇಳಿಯುವುದಿಲ್ಲ. ಒಂದೂವರೆ ಮಿಲಿಮೀಟರ್ ಏರುತಗ್ಗು ಸಿಕ್ಕರೆ ಸಾಕು, ಅಡ್ಡ ಬೆಳಕಿನಲ್ಲಿ ಅದೇ ಎದ್ದು ಕಾಣುತ್ತದೆ. ಕೆಂಪು ರಬ್ಬರಿನ ಅಚ್ಚು ಬಿಸಿ ತಾಳುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಅಚ್ಚು ತಾಳುವುದಿಲ್ಲ.

ನನಗೆ ತುಂಬಾ ಇಷ್ಟವಾಗುವುದು ತಂತಿ. 2 ಮಿ.ಮೀ. ಅಲ್ಯೂಮಿನಿಯಂ ತಂತಿಯನ್ನು ಬೇಕಾದ ಹಾಗೆ ಬಗ್ಗಿಸಬಹುದು. ಚುಕ್ಕಿ ಬಳಸಿ ಹಾಕುವ ಎಳೆ ರಂಗೋಲಿಗೆ ಇದು ಹೇಳಿ ಮಾಡಿಸಿದ್ದು. ದುರ್ಗದ ಕೋಟೆಯ ಗೋಡೆಯಲ್ಲಿ ಕೆತ್ತಿದ ಹಾವಿನಂಥ ಒಂದೇ ಎಳೆಯ ರೂಪವೂ ಚೆನ್ನಾಗಿ ಬರುತ್ತದೆ. ಹೊಸಬರಿಗೆ ನಾನು ಕೊಡುವುದು ಸಂತೇಬೆನ್ನೂರು ಪುಷ್ಕರಣಿಯ ಮೆಟ್ಟಿಲಿನಂಥ ನೇರ ಗೆರೆಗಳ ಚಿತ್ತಾರ. ಗೆರೆ ನೇರ ಇದ್ದರೆ ಎಲ್ಲಿ ಅಚ್ಚು ಕೂತಿಲ್ಲ ಎಂದು ಕೂಡಲೇ ಕಾಣುತ್ತದೆ.

ತಂತಿ ತಂತಿಯ ಮೇಲೆ ದಾಟುವಂತೆ ಇಡಬೇಡಿ. ದಾಟುವ ಕಡೆ ಎತ್ತರ ಎರಡು ಪಟ್ಟಾಗಿ, ಸುತ್ತಲಿನ ಗೆರೆ ಒತ್ತುವುದೇ ಇಲ್ಲ. ಅಲ್ಲಿ ಕತ್ತರಿಸಿ, ತುದಿಗೆ ತುದಿ ಕೂಡಿಸಿ.

ಕಟ್ಟಡದ ಕೆಲಸಕ್ಕೆ ಬಳಸುವ ಬೈಂಡಿಂಗ್ ವೈರ್ ಅಗ್ಗ ಎಂದು ತರಬೇಡಿ. ಅದು ತುಕ್ಕು ಹಿಡಿದು ಫೆಲ್ಟಿನ ಮೇಲೆ ಕಂದು ಕಲೆ ಬಿಡುತ್ತದೆ. ಆ ಕಲೆ ಹೋಗುವುದಿಲ್ಲ.

ಅಕ್ಷರ ಒತ್ತುವುದಾದರೆ ತಂತಿಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಇಡಿ. ಫೆಲ್ಟಿನ ಮುಖ ತಂತಿಯ ಮೇಲೆ ಮಗುಚಿ ಕೂರುವುದರಿಂದ ನೇರ ಇಟ್ಟ ಅಕ್ಷರ ತಿರುವುಮುರುವಾಗುತ್ತದೆ.

ಹಂತ 3: ಚೂರಿನ ಮೇಲೆ ಒಂದು ಪರೀಕ್ಷೆ

ಅದೇ ಫೆಲ್ಟಿನ ಒಂದು ಚೂರನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ಫೆಲ್ಟಿನ ಜೊತೆ ತಿಳಿಬಣ್ಣದ ಫೆಲ್ಟ್ ಇಡಬೇಡಿ. ಚೂರು ಎಷ್ಟು ಕುಗ್ಗಿತು ಎಂದೂ ಅಳೆಯಿರಿ.

ಹಂತ 4: ಕತ್ತರಿಸಿ, ತೂಗಿ, ನೆನೆಸಿ

ಬೇಕಾದ ಅಳತೆಗಿಂತ ಸುತ್ತಲೂ 1 ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿ. ಉಣ್ಣೆ ಬಿಸಿನೀರಿಗೆ ಕುಗ್ಗುತ್ತದೆ. ಅಂಚನ್ನು ಕೊನೆಗೆ ಸವರಿ.

ನೀರು ಮುಟ್ಟಿಸುವ ಮೊದಲು ಒಣ ಫೆಲ್ಟ್, ತಂತಿ, ಹತ್ತಿ ಬಟ್ಟೆ, ಪ್ಲೇಟ್, ಬೋಲ್ಟ್ ಎಲ್ಲವನ್ನೂ ಒಟ್ಟಿಗೆ ತಕ್ಕಡಿಯ ಮೇಲಿಟ್ಟು ತೂಕ ಬರೆದಿಟ್ಟುಕೊಳ್ಳಿ. ಒಂದು ಗ್ರಾಂ ಕೂಡ ಬಿಡದೆ ಬರೆಯಿರಿ.

ಆಮೇಲೆ ಫೆಲ್ಟನ್ನು ಕೈ ತಾಳುವಷ್ಟು ಬಿಸಿನೀರಲ್ಲಿ ಹತ್ತು ನಿಮಿಷ ಮುಳುಗಿಸಿಡಿ. ಉಣ್ಣೆ ಬೇಗ ನೀರು ಕುಡಿಯುವುದಿಲ್ಲ, ಮೇಲೆ ತೇಲುತ್ತದೆ. ಒಂದು ತಟ್ಟೆ ಹೇರಿ ಒಳಗೆ ಅದುಮಿ. ತೆಗೆದ ಮೇಲೆ ಹಿಂಡಬೇಡಿ, ಉಜ್ಜಬೇಡಿ, ಸೋಪು ಸೋಕಿಸಬೇಡಿ. ಬಿಸಿನೀರು, ಸೋಪು, ಉಜ್ಜುವಿಕೆ ಮೂರೂ ಸೇರಿದರೆ ಫೆಲ್ಟ್ ಇನ್ನಷ್ಟು ಬಿಗಿದು ಕುಗ್ಗಿಹೋಗುತ್ತದೆ. ಒಣ ಟವೆಲ್ಲಿನಲ್ಲಿ ಸುತ್ತಿ ಮೇಲಿಂದ ಅಂಗೈಯಲ್ಲಿ ಒತ್ತಿ. ನೀರು ತೊಟ್ಟಿಕ್ಕಬಾರದು, ಆದರೆ ಮುಟ್ಟಿದರೆ ತಂಪು ಹತ್ತಬೇಕು. ಅದೇ ಹದ.

ಗೋಡೆಗೆ ತೂಗುಹಾಕುವ ತುಂಡಾದರೆ ಇಲ್ಲಿ ಇನ್ನೊಂದು ಕೆಲಸ ಮಾಡಬಹುದು. ಕಂಬಳಿ ನೇಯುವವರು ನೂಲು ಗಟ್ಟಿಯಾಗಲು ಹುಣಸೆ ಬೀಜದ ಗಂಜಿ ಹಚ್ಚುತ್ತಾರಲ್ವಾ, ಅದೇ ಗಂಜಿಯನ್ನು ನೀರಾಗಿ ಕದಡಿ ಫೆಲ್ಟಿನ ಹಿಂಬದಿಗೆ ಮಾತ್ರ ಬ್ರಷ್ಷಿನಲ್ಲಿ ಸವರಿ. ಹುರಿದು ಸಿಪ್ಪೆ ತೆಗೆದ ಬೀಜವನ್ನು ನೆನೆಸಿ, ನುಣ್ಣಗೆ ರುಬ್ಬಿ, ಬೇಯಿಸಿ ಸೋಸಿದರೆ ಗಂಜಿ ಸಿದ್ಧ. ಒಣಗಿದ ಮೇಲೆ ಹಿಂಬದಿ ಬಿಗಿಯಾಗಿ ಅಚ್ಚನ್ನು ಹಿಡಿದಿಡುತ್ತದೆ. ಇದನ್ನು ಎಲ್ಲರೂ ಕೊನೆಗೆ ಹಚ್ಚುತ್ತಾರೆ. ಅದು ದೊಡ್ಡ ತಪ್ಪು. ಅಚ್ಚು ಕೂತ ಮೇಲೆ ಗಂಜಿ ಹಚ್ಚಿದರೆ ಅದರ ನೀರಿಗೇ ಅಚ್ಚು ಸಡಿಲವಾಗುತ್ತದೆ. ಗಂಜಿ ಹಚ್ಚಿದ್ದರೆ ಅದರ ಮೇಲೆ ಸೊಳ್ಳೆ ಪರದೆಯ ತುಂಡು ಹಾಕಿ, ಇಲ್ಲದಿದ್ದರೆ ಬಟ್ಟೆ ಅಂಟಿಕೊಳ್ಳುತ್ತದೆ. ಪರದೆಯನ್ನೂ ಮೊದಲೇ ತೂಕಕ್ಕೆ ಸೇರಿಸಿ. ಲೋಟದ ಕೆಳಗೆ ಇಡುವ ತುಂಡಿಗೆ ಗಂಜಿ ಬೇಡ, ತೇವಕ್ಕೆ ಬೂಸ್ಟು ಬರುತ್ತದೆ.

ಹಂತ 5: ಜೋಡಿಸಿ

ಈ ಕ್ರಮ ಬದಲಾಗಬಾರದು. ಎಲ್ಲಕ್ಕಿಂತ ಕೆಳಗೆ ತೂತಿಲ್ಲದ ಪ್ಲೇಟ್. ಅದರ ಮೇಲೆ ತಂತಿ ಅಥವಾ ಅಚ್ಚು. ಅದರ ಮೇಲೆ ಫೆಲ್ಟ್, ಮುಖ ಕೆಳಗೆ. ಅದರ ಮೇಲೆ ನಾಲ್ಕು ಮಡಿಕೆಯ ಹತ್ತಿ ಬಟ್ಟೆ. ಕೊನೆಗೆ ತೂತಿನ ಪ್ಲೇಟ್.

ತಂತಿ ಜಾರದಂತೆ ಎರಡು ಮೂರು ಕಡೆ ಫೆವಿಕಾಲಿನ ಸಣ್ಣ ಚುಕ್ಕಿ ಇಟ್ಟು ಮೊದಲೇ ಒಣಗಿಸಿಕೊಳ್ಳಿ. ನಟ್ಟುಗಳನ್ನು ಎದುರು ಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಇನ್ನೊಂದು ಕಡೆ ಚಿತ್ತಾರ ಮಸುಕಾಗುತ್ತದೆ. ನಾಲ್ಕೂ ಅಂಚಿನಲ್ಲಿ ಪ್ಲೇಟುಗಳ ನಡುವಿನ ಸಂದು ಒಂದೇ ಸಮ ಇರಬೇಕು. ಸ್ಕೇಲ್ ಇಟ್ಟು ನೋಡಿ.

ಹಂತ 6: ಬಿಸಿ ಕೊಡಿ

ಇಡ್ಲಿ ಪಾತ್ರೆಯಲ್ಲಿ ಎರಡು ಇಂಚು ನೀರು ಕುದಿಸಿ. ನೀರಿಗೆ ತಾಗದಂತೆ ಒಂದು ಜಾಲರಿಯ ಮೇಲೆ ಈ ಕಟ್ಟನ್ನು ನಿಲ್ಲಿಸಿ ಮುಚ್ಚಳ ಹಾಕಿ. ಆವಿ ಜೋರಾಗಿ ಬರಲು ಶುರುವಾದ ಮೇಲೆ 30 ನಿಮಿಷ. ಲೋಹದ ಪ್ಲೇಟು ಕಾದು ಬಿಸಿ ನಡುವಿನವರೆಗೆ ತಲುಪಲು ಇಷ್ಟು ಹೊತ್ತು ಬೇಕೇಬೇಕು. ನೀರು ಆರದಂತೆ ನೋಡಿಕೊಳ್ಳಿ. ಮುಚ್ಚಳ ತೆಗೆಯುವಾಗ ಮುಖ ಹಿಂದಕ್ಕಿರಲಿ, ಆವಿಯ ಸುಟ್ಟಗಾಯ ಉರಿಯ ಗಾಯಕ್ಕಿಂತ ಕಡಿಮೆಯಲ್ಲ. ಇದಕ್ಕೆ ಬಳಸಿದ ಪಾತ್ರೆಯನ್ನು ಅಡುಗೆಗೆ ಮತ್ತೆ ತರಬೇಡಿ, ಫೆಲ್ಟಿನ ಬಣ್ಣ ನೀರಿಗೆ ಇಳಿದಿರುತ್ತದೆ.

ತುಂಡು ದೊಡ್ಡದಾಗಿ ಪಾತ್ರೆಯೊಳಗೆ ಹಿಡಿಸದಿದ್ದರೆ ಇಸ್ತ್ರಿಯೇ ಗತಿ. ಅಚ್ಚಿನ ಮೇಲೆ ಫೆಲ್ಟ್ ಮಗುಚಿ ಹಾಕಿ, ಮೇಲೆ ಒದ್ದೆ ಹತ್ತಿ ಬಟ್ಟೆ ಹೊದಿಸಿ. ಇಸ್ತ್ರಿ ಪೆಟ್ಟಿಗೆಯ ಗುರುತು ಎರಡು ಚುಕ್ಕಿಯಲ್ಲಿರಲಿ, ಅಂದರೆ ಸುಮಾರು 150 ಡಿಗ್ರಿ. ಇಟ್ಟು, ಮೈಭಾರ ಹಾಕಿ 15 ಸೆಕೆಂಡ್ ಒತ್ತಿ, ಎತ್ತಿ, ಪಕ್ಕಕ್ಕೆ ಇಡಿ. ಬಟ್ಟೆಗೆ ಇಸ್ತ್ರಿ ಮಾಡುವಂತೆ ಎಳೆಯಬೇಡಿ. ಎಳೆದರೆ ಫೆಲ್ಟ್ ಅಚ್ಚಿನ ಮೇಲೆ ಜರುಗಿ ಗೆರೆ ಎರಡೆರಡಾಗಿ ಕಾಣುತ್ತದೆ. ಬಟ್ಟೆ ಒಣಗಿದ ಕೂಡಲೇ ಮತ್ತೆ ನೀರು ಸಿಂಪಡಿಸಿ. ಒಣ ಬಿಸಿ ಉಣ್ಣೆಯನ್ನು ಹಳದಿ ಮಾಡುತ್ತದೆ. ಪೂರ್ತಿ ತುಂಡಿಗೆ ಮೂರು ಸುತ್ತು ಹೀಗೆ ಮಾಡಿ. ಆಮೇಲೆ ಒಣಗಿದ ಹತ್ತಿ ಬಟ್ಟೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ರುಬ್ಬುವ ಕಲ್ಲಿನಂಥ ಭಾರ. ಅಚ್ಚಿನಿಂದ ಫೆಲ್ಟ್ ಎತ್ತಿ ನೋಡುವ ಆಸೆ ಬೇಡವೇ ಬೇಡ. ಸೊಳ್ಳೆ ಪರದೆ, ಗಂಜಿಯ ಕ್ರಮ ಈ ದಾರಿಗೆ ಹೊಂದುವುದಿಲ್ಲ, ಪರದೆ ಇಸ್ತ್ರಿಗೆ ಕರಗುತ್ತದೆ.

ಹಂತ 7: ಆರಲು ಬಿಡಿ

ಎಲ್ಲರೂ ಸೋಲುವ ಹಂತ ಇದು.

ಆವಿಯಿಂದ ತೆಗೆದ ಕಟ್ಟನ್ನು ಮೊದಲು ಹಾಗೇ ತಣ್ಣಗಾಗಲು ಬಿಡಿ. ನೀರಿನಲ್ಲಿ ಅದ್ದಬೇಡಿ. ತಣ್ಣಗಾದ ಮೇಲೆ ನಟ್ಟನ್ನು ಅರ್ಧ ಸುತ್ತು ಮತ್ತೆ ಬಿಗಿಯಿರಿ, ಬಿಸಿಯಲ್ಲಿ ಫೆಲ್ಟ್ ಕುಗ್ಗಿ ಹಿಡಿತ ಸಡಿಲವಾಗಿರುತ್ತದೆ. ಆಮೇಲೆ ತೂತಿನ ಪ್ಲೇಟ್ ಗಾಳಿಗೆ ಮುಖ ಮಾಡುವಂತೆ ನಿಲ್ಲಿಸಿ.

ಈಗ ಕಾಯಬೇಕು. ಎಷ್ಟು ಹೊತ್ತು? ಇಲ್ಲೇ ಕೈಯ ಅಂದಾಜು ಮೋಸ ಮಾಡುವುದು. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲಿ ಒಂದು ಭಾಗದಷ್ಟು ತೇವವನ್ನು ಒಳಗಿಟ್ಟುಕೊಂಡೂ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಬೇಸಿಗೆಯಲ್ಲಿ ಈ ಮೋಸ ಇನ್ನೂ ಜಾಸ್ತಿ. ಏಪ್ರಿಲ್ ತಿಂಗಳ ನಮ್ಮ ಒಣ ಗಾಳಿಗೆ ಅಂಚು ಎರಡೇ ಗಂಟೆಯಲ್ಲಿ ಗರಿಗರಿಯಾಗುತ್ತದೆ, ನಡುಭಾಗ ಒದ್ದೆ ಇರುತ್ತದೆ. ಲೋಟದ ಕೆಳಗಿಡುವ ಹನ್ನೆರಡು ತುಂಡುಗಳನ್ನು ಒಬ್ಬರಿಗೆ ಕೊಡಲೆಂದು ಮಾಡಿ, ಅಂಚು ಮುಟ್ಟಿ ನೋಡಿ ಒಣಗಿದೆ ಅಂದುಕೊಂಡು ನಾನು ಬಿಚ್ಚಿದ್ದೆ. ಸಂಜೆಯೊಳಗೆ ಹನ್ನೆರಡೂ ಚಪ್ಪಟೆಯಾದವು. ಕೊಡುವ ದಿನ ಬರಿಗೈಯಲ್ಲಿ ಹೋಗಬೇಕಾಯಿತು. ತಕ್ಕಡಿ ಬಳಸಲು ಶುರು ಮಾಡಿದ್ದು ಅವತ್ತಿನಿಂದ.

ಕಟ್ಟನ್ನು ಬಿಚ್ಚದೆ ಹಾಗೇ ತೂಗಿ. ನಾಲ್ಕನೇ ಹಂತದಲ್ಲಿ ಬರೆದಿಟ್ಟ ತೂಕಕ್ಕಿಂತ ಎಷ್ಟು ಗ್ರಾಂ ಹೆಚ್ಚಿದೆಯೋ ಅಷ್ಟು ನೀರು ಒಳಗಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೂಗಿ. ಮೊದಲಿನ ತೂಕಕ್ಕೆ ಬಂದು, ಮತ್ತೊಂದು ಸಲ ತೂಗಿದಾಗಲೂ ಅಲ್ಲೇ ನಿಂತಿದ್ದರೆ ಮಾತ್ರ ಬಿಚ್ಚಿ. ಗಂಜಿ ಹಚ್ಚಿದ್ದರೆ ಒಂದೆರಡು ಗ್ರಾಂ ಹೆಚ್ಚೇ ಉಳಿಯುತ್ತದೆ, ಆಗ ತೂಕ ಇಳಿಯದೆ ನಿಂತದ್ದೇ ಗುರುತು.

ನನ್ನ ಅನುಭವದಲ್ಲಿ 3 ಮಿ.ಮೀ. ತುಂಡಿಗೆ ಬೇಸಿಗೆಯಲ್ಲಿ ಒಂದೂವರೆ ದಿನ, ಮಳೆಗಾಲದಲ್ಲಿ ಮೂರ್ನಾಲ್ಕು ದಿನ ಬೇಕು. ಮಳೆಗಾಲದಲ್ಲಿ ಫ್ಯಾನಿನ ಕೆಳಗಿಡಿ. ಹೇರ್ ಡ್ರೈಯರ್ ಹಿಡಿದು ಅವಸರ ಮಾಡಬೇಡಿ, ಮತ್ತೆ ಬಿಸಿ ಮಾಡಿದಂತಾಗುತ್ತದೆ. ಬಿಸಿಲಿಗೆ ಇಟ್ಟರೆ ಬಣ್ಣ ಮಾಸುತ್ತದೆ.

ಹಂತ 8: ಬಿಚ್ಚಿ, ಅಂಚು ಸವರಿ

ನಟ್ಟುಗಳನ್ನೂ ಎದುರು ಬದುರಾಗಿಯೇ ಸಡಿಲಿಸಿ. ಫೆಲ್ಟನ್ನು ಒಂದು ಮೂಲೆಯಿಂದ ಎಳೆಯದೆ ತಂತಿಯಿಂದ ನೇರ ಮೇಲಕ್ಕೆ ಎತ್ತಿ. ಸ್ಟೀಲ್ ಸ್ಕೇಲ್, ಹರಿತವಾದ ಕಟ್ಟರ್ ಬಳಸಿ ಅಂಚು ಕತ್ತರಿಸಿ. ಒಂದೇ ಏಟಿಗೆ ಬೇಡ, ಮೆಲ್ಲಗೆ ಮೂರು ಸಲ ಎಳೆಯಿರಿ.

ಇದಕ್ಕೆ ಮತ್ತೆ ಇಸ್ತ್ರಿ ಹಾಕುವಂತಿಲ್ಲ, ನೀರಲ್ಲಿ ತೊಳೆಯುವಂತಿಲ್ಲ. ಧೂಳು ಕೂತರೆ ಮೆತ್ತನೆಯ ಬ್ರಷ್ ಸಾಕು. ಬ್ಯಾಗಿಗೋ ದಿಂಬಿಗೋ ಹೊಲಿಯುವುದಾದರೆ ಚಿತ್ತಾರದ ಗೆರೆಯ ಮೇಲೆಯೇ ಒಂದು ಸುತ್ತು ದಾರ ಓಡಿಸಿ. ಒದ್ದೆಯಾದರೂ ಹೊಲಿಗೆ ಆ ತಗ್ಗನ್ನು ಬಿಡುವುದಿಲ್ಲ.

ಪಾಲಿಯೆಸ್ಟರ್ ಫೆಲ್ಟಿಗೆ ದಾರಿ ಬೇರೆ

ಇದಕ್ಕೆ ನೀರು ಬೇಕಿಲ್ಲ. ಪಾಲಿಯೆಸ್ಟರ್ ಸುಮಾರು 70ರಿಂದ 80 ಡಿಗ್ರಿಯ ಮೇಲೆ ಮೆತ್ತಗಾಗಲು ಶುರುವಾಗುತ್ತದೆ, ಕರಗುವುದು 250 ಡಿಗ್ರಿಯ ಆಚೆ. ಈ ಎರಡರ ನಡುವೆ ಕೆಲಸ ಮಾಡಬೇಕು.

ತೆಳು ಹಾಳೆಯಾದರೆ ಎರಡನ್ನು ಒಂದರ ಮೇಲೊಂದು ಇಡಿ. ಅಚ್ಚಿನ ಮೇಲೆ ಫೆಲ್ಟ್, ಅದರ ಮೇಲೆ ಬೇಕಿಂಗ್ ಪೇಪರ್. ಬಟರ್ ಪೇಪರ್ ಎಂದು ಮಾರುವ ಕೆಲವು ಹಾಳೆಗಳಲ್ಲಿ ಮೇಣ ಇರುತ್ತದೆ, ಅದು ಕರಗಿ ಎಣ್ಣೆ ಕಲೆಯಾಗುತ್ತದೆ. ಉಗುರಲ್ಲಿ ಗೀರಿದರೆ ಬಿಳಿ ಗೆರೆ ಬಿದ್ದರೆ ಆ ಹಾಳೆ ಬೇಡ. ಇಸ್ತ್ರಿ ಒಂದು ಚುಕ್ಕಿಯಲ್ಲಿ, ಸುಮಾರು 110 ಡಿಗ್ರಿಯಲ್ಲಿ ಇಟ್ಟು 10 ಸೆಕೆಂಡ್ ಒತ್ತಿ. ಮೂಡದಿದ್ದರೆ ಬಿಸಿ ಏರಿಸುವ ಮೊದಲು ಹೊತ್ತು ಏರಿಸಿ, 15, ಆಮೇಲೆ 20 ಸೆಕೆಂಡ್. ಇಸ್ತ್ರಿ ತೆಗೆದ ಮರುಕ್ಷಣವೇ ತಣ್ಣನೆಯ ಚಪ್ಪಟೆ ಕಲ್ಲು ಅಥವಾ ಗ್ರಾನೈಟ್ ತುಂಡು ಹೇರಿ 15 ನಿಮಿಷ ಬಿಡಿ. ಕಲ್ಲು ಬಿಸಿಯನ್ನು ಬೇಗ ಹೀರುತ್ತದೆ. ಇಲ್ಲಿಯೂ ಅಚ್ಚು ಕೂರುವುದು ತಣ್ಣಗಾಗುವಾಗಲೇ. ಒಳ್ಳೆಯ ಸಂಗತಿ ಅಂದರೆ ಇದು ತಣ್ಣೀರಲ್ಲಿ ತೊಳೆದರೂ ಹೋಗುವುದಿಲ್ಲ.

ಅಕ್ರಿಲಿಕ್ ಫೆಲ್ಟನ್ನು ನಾನು ಬೇಡವೆಂದೇ ಹೇಳುತ್ತೇನೆ. ಅದು ಮಿರಿಮಿರಿ ಮಿಂಚಿ, ಹಳದಿಯಾಗಿ ಕೆಡುತ್ತದೆ.

ಈ ಗುರುತು ಕಂಡರೆ ಕೈ ನಿಲ್ಲಿಸಿ

ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಒಣಗಿ ಸುಡುತ್ತಿದೆ. ಇಸ್ತ್ರಿ ಎತ್ತಿ, ಬಟ್ಟೆಗೆ ನೀರು ಸಿಂಪಡಿಸಿ, ಒಂದು ನಿಮಿಷ ಬಿಟ್ಟು ಮುಂದುವರಿಸಿ.

ಪಾಲಿಯೆಸ್ಟರಿನ ಮೇಲೆ ಗಾಜಿನಂಥ ಹೊಳಪು ಬಂದರೆ ಮೇಲಿನ ಎಳೆಗಳು ಒಂದಕ್ಕೊಂದು ಬೆಸೆದಿವೆ. ಆ ತುಂಡು ಸರಿಯಾಗುವುದಿಲ್ಲ, ಬಿಸಿ ಇಳಿಸಿ ಹೊಸದು ತೆಗೆದುಕೊಳ್ಳಿ.

ಬೇಕಿಂಗ್ ಪೇಪರ್ ಅಂಟಿದರೆ ಕಿತ್ತು ಎಳೆಯಬೇಡಿ. ಪೂರ್ತಿ ತಣ್ಣಗಾದ ಮೇಲೆ ತಾನೇ ಬಿಡುತ್ತದೆ.

ನಡುವೆ ಮಸುಕು, ಅಂಚಿನಲ್ಲಿ ಸ್ಪಷ್ಟ ಇದ್ದರೆ ಪ್ಲೇಟ್ ಬಾಗಿದೆ. ನಡುವಿಗೆ ಬಟ್ಟೆಯ ಇನ್ನೊಂದು ಮಡಿಕೆ ಸೇರಿಸಿ.

ಬಿಚ್ಚಿದ ಒಂದೆರಡು ಗಂಟೆಯಲ್ಲಿ ಗೆರೆ ಮೇಲೇರುತ್ತಿದೆ ಅನ್ನಿಸಿದರೆ ಒಳಗೆ ತೇವ ಉಳಿದಿದೆ ಎಂದೇ ಅರ್ಥ. ಗಾಬರಿ ಬೇಡ, ಉಣ್ಣೆ ಹಾಳಾಗಿಲ್ಲ. ನಾಲ್ಕನೇ ಹಂತದಲ್ಲಿ ನೆನೆಸುವುದರಿಂದ ಮತ್ತೆ ಮಾಡಿ, ಜೋಡಿಸುವಾಗ ತಂತಿಯ ಅದೇ ಜಾಗಕ್ಕೆ ಕೂರಿಸಿ. ಒಂದೇ ತುಂಡನ್ನು ಮೂರು ಸಲ ಹೀಗೆ ಮಾಡಿ ಸರಿಪಡಿಸಿದ್ದೂ ಇದೆ.